ಏಳನೆಯ ಡಬ್ಬಿ

ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆಯುವವರೆಗೆ ಏಳುವುದಿಲ್ಲ
ನಾರ್ವೆಯ ತುದಿಯ ನಮ್ಮ ದ್ವೀಪದಲ್ಲಿ.
ಅವನು ಏಳದಿದ್ದರೆ ಬಿಡಲಿ,
ನಮಗೆ ಏಳು ಆಗಲೇಬೇಕು, ಅನ್ನುತ್ತಿದ್ದಳು ಅಮ್ಮ.

ಕ್ರಿಸ್‌ಮಸ್ಸಿಗೆ ಏಳು ಬಗೆ ಬಿಸ್ಕತ್ತು.
ಆರಾದರೆ ಸೋಮಾರಿ ಮನೆ, ಎಂಟಾದರೆ ಜಂಬ.
ಪಕ್ಕದ ಮನೆಯ ಪೆತ್ರಾ ಕಾಫಿಗೆ ಬಂದರೆ
ಮಾತು ಹವಾಮಾನದ್ದು, ಕಣ್ಣು ತಟ್ಟೆಯದ್ದು.
ಚರ್ಚಿನ ಕಾಣಿಕೆ ಎಣಿಸುವವರ ಹಾಗೆ
ತುಟಿ ಅಲುಗದೆ ಎಣಿಸಿಬಿಡುತ್ತಿದ್ದಳು.

ಶುಂಠಿ ಹಿಟ್ಟಿಗೆ ತಮ್ಮ ಐಲಿಫ್ ಯಜಮಾನ.
ನಕ್ಷತ್ರದ ಅಚ್ಚು, ಗಂಟೆಯ ಅಚ್ಚು ಎಲ್ಲ ಬಿಟ್ಟು
ಬರೀ ಹಂದಿ ಒತ್ತುತ್ತಿದ್ದ, ನಲವತ್ತು, ಐವತ್ತು ಹಂದಿ.
ಯೇಸು ಹುಟ್ಟಿದ್ದು ಕೊಟ್ಟಿಗೆಯಲ್ಲಿ ತಾನೇ,
ಯಾರಾದರೂ ಹಂದಿ ಇದ್ದೇ ಇರುತ್ತೆ, ಅಂತ ವಾದ.

ಬೆಂದ ಹಳದಿಯನ್ನೂ ಹಸಿ ಹಳದಿಯನ್ನೂ
ಒಂದೇ ಬಟ್ಟಲಲ್ಲಿ ಕಿವುಚಿ ಸಣ್ಣ ಬಳೆ ಸುತ್ತುವುದು
ಅಜ್ಜಿಯ ಕೆಲಸ, ನನ್ನದೂ.
ಆ ಚಳಿಗಾಲವೆಲ್ಲ ಅವಳೂ ನಾನೂ
ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು.

ಎಣ್ಣೆಯಲ್ಲಿ ಕರಿಯುವ ಇನ್ನೊಂದಿತ್ತು, ಹೆಸರು 'ಬಡವ'.
ಅದಕ್ಕೆ ಆರು ಮೊಟ್ಟೆ, ಕೆನೆ, ಏಲಕ್ಕಿ, ಬ್ರಾಂಡಿ.
ಮಾಡಿ ಮುಗಿಸಿದ ಮೇಲೆ ಯಾರು ಬಡವರು
ಅಂತ ಗೊತ್ತಾಗುತ್ತೆ ನೋಡು, ಎಂದು ಅಪ್ಪ
ಬ್ರಾಂಡಿಯ ಶೀಶೆಯನ್ನು ಬೆಳಕಿಗೆ ಹಿಡಿಯುತ್ತಿದ್ದ.
ಹೊಗೆ ಹೋಗಲೆಂದು ಬಾಗಿಲು ತೆರೆದರೆ
ಸಮುದ್ರ ಅಡುಗೆಮನೆಗೇ ಬಂದು ನಿಲ್ಲುತ್ತಿತ್ತು.

ಹೀಗೆ ಆರು.
ಏಳನೆಯದು ಗುಡ್ನಿ ದೊಡ್ಡಮ್ಮನದು.
ಇಪ್ಪತ್ತೆರಡನೇ ತಾರೀಖಿನ ಹಡಗಿನಲ್ಲಿ
ಮಡಿಲಲ್ಲಿ ಮಗುವಿನಂತೆ ಡಬ್ಬಿ ಇಟ್ಟುಕೊಂಡು ಬರುತ್ತಿದ್ದಳು,
ಕೆಂಪು ಡಬ್ಬಿ, ಮುಚ್ಚಳದ ಮೇಲೆ ಯಾವುದೋ ಕೋಟೆ.
ಒಳಗೆ ಕಾಕಂಬಿ ಬಿಸ್ಕತ್ತು,
ಸ್ಕೇಲಿಟ್ಟು ಕೊಯ್ದಂಥ ನಾಲ್ಕು ಮೂಲೆ,
ನಟ್ಟನಡುವೆ ಅರ್ಧ ಬಾದಾಮಿ.
ಎಲ್ಲರೂ ಹೊಗಳುತ್ತಿದ್ದರು. ಪೆತ್ರಾ ಕೂಡ.

ಒಂಬತ್ತು ವರ್ಷದವಳು ನಾನು,
ಕದ್ದು ತಿನ್ನುತ್ತ ತಳ ಮುಟ್ಟಿದೆ.
ಮೇಣದ ಕಾಗದದ ಕೆಳಗೆ ಸಿಕ್ಕಿತು ಚೀಟಿ:
ಬೂಡೋ ಪಟ್ಟಣದ ಬೇಕರಿ, ತಾರೀಖು, ದರ.
ಗೆದ್ದವಳ ಹಾಗೆ ಓಡಿ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಓದಿದಳು.
ಕೈಯ ಹಿಟ್ಟು ಒರೆಸಿಕೊಂಡಳು.
ಒಲೆಯ ಬಾಗಿಲು ತೆರೆದು ಚೀಟಿ ಒಳಗಿಟ್ಟು ಮುಚ್ಚಿದಳು.
ಎಣಿಸು, ಅಂದಳು ನನಗೆ.
ಎಣಿಸಿದೆ. ಏಳು.
ಆಮೇಲೆ ಒಳಕೋಣೆಗೆ ಕೇಳುವಂತೆ ಕೂಗಿದಳು,
ಗುಡ್ನೀ, ಈ ಸಲ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿದೆಯಾ?
ಹೂಂ, ಸ್ವಲ್ಪ, ಅಂತು ಒಳಗಿನ ದನಿ.

ತುಂಬ ವರ್ಷದ ಮೇಲೆ ತಿಳಿಯಿತು.
ನಾನು ಹುಟ್ಟುವ ಮುಂಚಿನ ಒಂದು ಫೆಬ್ರವರಿ
ಅಪ್ಪನ ದೋಣಿಗೆ ಮಂಜುಗಡ್ಡೆ ಕಟ್ಟಿ ವಾಲಿದಾಗ
ಕರಾವಳಿಯ ರೇಡಿಯೋ ಕಚೇರಿಯಲ್ಲಿ ಕೂತು
ಹನ್ನೊಂದು ಗಂಟೆ ಹೊತ್ತು ಅವನೊಡನೆ ಮಾತಾಡಿದವಳು ಗುಡ್ನಿ,
ನಿದ್ದೆ ಹೋಗಬೇಡ, ಕೊಡಲಿ ಎತ್ತು, ಗಡ್ಡೆ ಒಡೆ,
ಏಳು, ಏಳು, ಅನ್ನುತ್ತ.
ಆ ಕೈಗೆ ಹಿಟ್ಟು ನಾದಲು ಬರುತ್ತಿರಲಿಲ್ಲ, ಅಷ್ಟೆ.

ಈಗ ಅವಳು ವೃದ್ಧರ ಆಸ್ಪತ್ರೆಯಲ್ಲಿ,
ಕಿಟಕಿಯ ಪಕ್ಕದ ಮಂಚ.
ಹೆಸರುಗಳು ಒಂದೊಂದಾಗಿ ಹಡಗು ಹತ್ತಿ ಹೋಗಿವೆ.
ಮೊನ್ನೆ ನನ್ನ ಡಬ್ಬಿ ತೆರೆದು ತೋರಿಸಿದೆ.
ನನ್ನವು ಮೂಲೆ ಸೊಟ್ಟ, ಒಂದು ಬದಿ ಕರಕಲು,
ಬಾದಾಮಿ ಜಾರಿಹೋದ ಕಡೆ ಬರೀ ಗುಳಿ.

ಒಂದನ್ನು ಎತ್ತಿ, ಮೂಸಿ, ತಲೆಯಾಡಿಸಿದಳು.
ನಾನು ಮಾಡುವಾಗ, ಅಂದಳು ತೀರ ನಿಧಾನವಾಗಿ,
ಬೆಣ್ಣೆ ಸ್ವಲ್ಪ ಜಾಸ್ತಿ ಹಾಕುತ್ತಿದ್ದೆ.

ಚೀಲದಿಂದ ಪೆನ್ನು ತೆಗೆದು
ಬರೆದುಕೊಂಡೆ.